ಕರಗುವ ಬಿಲ್ಲೆ

ಆಗಸ್ಟ್ 6, ಮಂಗಳವಾರ

ಸಕ್ಕರೆ ಎಷ್ಟಿದೆ ಎಂದು ದಿನಾ ಬರೆದಿಡಬೇಕಂತೆ. ಅದಕ್ಕೆಂದು ಮಾರ್ವಾ ಈ ಪುಸ್ತಕ ಕೊಟ್ಟುಹೋಗಿದ್ದಾಳೆ. ಮಾರ್ವಾ ದಿನ ಬಿಟ್ಟು ದಿನ ಮನೆಗೆ ಬಂದು ನನ್ನ ಗಾಯದ ಪಟ್ಟಿ ಬದಲಿಸುವ ನರ್ಸ್. ಸಕ್ಕರೆಯ ಲೆಕ್ಕವನ್ನು ಬೆರಳು ಚುಚ್ಚುವ ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ನಾನು ಇಲ್ಲಿ ಉಪ್ಪು, ಹುಳಿ, ಖಾರಗಳನ್ನು ಬರೆಯುತ್ತೇನೆ. ಕಹಿಯ ದಾಸ್ತಾನು ಬೇಕಾದಷ್ಟಿದೆ.

ಗಾಯ ಇರುವುದು ಎಡಗಾಲಿನಲ್ಲಿ. ಹೆಬ್ಬೆರಳನ್ನು ವಸಂತದಲ್ಲೇ ಕತ್ತರಿಸಿದರು. ಅದು ಇದ್ದ ಜಾಗದಲ್ಲಿ ಈಗ ಒಂದು ಗುಳಿ ಇದೆಯಂತೆ. ‘ಅಂತೆ’ ಏಕೆಂದರೆ ನಾನು ನೋಡಿಲ್ಲ, ನೋಡುವುದೂ ಇಲ್ಲ. ಪಟ್ಟಿ ಬಿಚ್ಚಿದ ಕೂಡಲೇ ತಲೆಯೆತ್ತಿ ಛಾವಣಿ ನೋಡುತ್ತೇನೆ. ನಮ್ಮ ಊಟದ ಕೋಣೆಯ ಛಾವಣಿಯ ಬಿರುಕುಗಳನ್ನು ಕೆನಡಾದ ಈ ಇಡೀ ಹ್ಯಾಮಿಲ್ಟನ್ ಊರಿನಲ್ಲಿ ನನ್ನಷ್ಟು ಆಳವಾಗಿ ಅಭ್ಯಾಸ ಮಾಡಿದವರು ಯಾರೂ ಇರಲಾರರು.

ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಮೂಗಿಗೆ ಏನೂ ಕೊಡಲಿಲ್ಲ. ಹೂದಾನಿಯಲ್ಲಿ ಮರೆತುಹೋದ ನೀರು, ಅದರೊಳಗೊಂದು ತಾಮ್ರದ ಬಿಲ್ಲೆ, ಪಕ್ಕದಲ್ಲೊಂದು ಒದ್ದೆ ನಾಯಿ. ಮೂರೂ ಸೇರಿದರೆ ಅದರ ನಾತ. ಯಾರೋ ನನ್ನ ದೇಹದ ತುದಿಗೆ ಬಾಡಿಗೆಗೆ ಬಂದು, ಬಾಡಿಗೆಯನ್ನೂ ಕೊಡದೆ, ಖಾಲಿಯನ್ನೂ ಮಾಡದೆ, ಸುಮ್ಮನೆ ಬಾಡುತ್ತಾ ಕುಳಿತ ಹಾಗಿದೆ. ಬಾಡಿಗೆದಾರ ಎಂದೇ ಕರೆಯುತ್ತೇನೆ.

ಇದರಲ್ಲಿ ತಮಾಷೆ ಏನೆಂದರೆ, ನಾನು ಜೋಡಿನ ಅಂಗಡಿಯವನು. ಕಲ್ಜೊಲಾರಿ ಎಂಬ ನಮ್ಮ ಮನೆತನದ ಹೆಸರಿಗೆ ಅಜ್ಜನ ಇಟಲಿಯ ಮಾತಿನಲ್ಲಿ ಜೋಡು ಹೊಲಿಯುವವರು ಎಂದೇ ಅರ್ಥ. ಕಾಲೇಜಿನಲ್ಲಿ ಲ್ಯಾಟಿನ್ ಓದಿ ಬಂದು ಅಪ್ಪನ ಅಂಗಡಿಯ ಗಿಡ್ಡ ಸ್ಟೂಲಿನ ಮೇಲೆ ಕುಳಿತೆ. ಉಳಿದವರು ಕೆಲಸಕ್ಕಾಗಿ ಕಂಡವರ ಕಾಲು ಹಿಡಿಯುತ್ತಾರೆ. ನನಗೆ ಕಾಲು ಹಿಡಿಯುವುದೇ ಕೆಲಸವಾಯಿತು. ಆಣಿ, ಬಿರುಕು, ಬೆವರು, ಹಳದಿ ಉಗುರು. ಊರಿನ ಅರ್ಧ ಜನರನ್ನು ನಾನು ಮುಖದಿಂದಲ್ಲ, ಅವರವರ ಅಸಹ್ಯದಿಂದ ಗುರುತಿಸಬಲ್ಲೆ. ಅಂಗಡಿ ಮಾರುವವರೆಗೂ ತುಟಿಯ ಮೇಲೆ ನಗು, ಗಂಟಲಲ್ಲಿ ವಾಕರಿಕೆ.

ಅಂಥವನು ಕಳೆದ ಚಳಿಗಾಲದಲ್ಲಿ ಸೋದರಳಿಯನ ಮದುವೆಗೆ ಹೊಸ ಜೋಡು ಹಾಕಿಕೊಂಡು ಹೋದೆ. ಹೊಸ ಜೋಡಿನ ಆಕಾರ ಕೆಡದಿರಲೆಂದು ಮೂತಿಯೊಳಗೆ ಕಾಗದದ ಉಂಡೆ ತುರುಕಿರುತ್ತಾರೆ. ತೊಡಿಸುವ ಮೊದಲು ಅದನ್ನು ತೆಗೆಯುವುದು ಈ ವೃತ್ತಿಯ ಅ ಆ ಇ ಈ. ನಾನು ತೆಗೆಯಲಿಲ್ಲ. ಸಕ್ಕರೆ ಕಾಯಿಲೆಗೆ ಬೆರಳುಗಳ ಸ್ಪರ್ಶ ಹೋಗಿದ್ದರಿಂದ ಗೊತ್ತೂ ಆಗಲಿಲ್ಲ. ಆ ಉಂಡೆಯ ಮೇಲೆ ಇಡೀ ದಿನ ಕುಣಿದೆ. ಮನೆಗೆ ಬಂದು ಬಿಚ್ಚಿದರೆ ಬಿಳಿ ಕಾಗದ ಕೆಂಪಾಗಿತ್ತು.

ಥೂ.

ಆಗಸ್ಟ್ 8, ಗುರುವಾರ

ಆಸ್ಪತ್ರೆ. ಕಾಯುವ ಕೋಣೆಯಲ್ಲಿ ಕುಳಿತವರೆಲ್ಲ ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೈಯಲ್ಲಿ ಸಿಹಿ ಕಾಫಿ ಹಿಡಿದಿದ್ದರು. ಎಲ್ಲರ ಮೇಲೂ ಹೇಸಿಗೆಯಾಯಿತು. ಎದುರಿನ ಗಾಜಿನಲ್ಲಿ ಕಂಡ ನನ್ನ ಮೇಲೂ.

ಡಾಕ್ಟರ್ ಮೆಕ್‌ಕೆಲ್ವಿ ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. ದೊಡ್ಡ ರಕ್ತನಾಳವನ್ನು ವಸಂತದಲ್ಲೇ ಬಲೂನು ಹಾಕಿ ತೆರೆದಾಗಿದೆ. ಆದರೆ ಗಾಯದ ಸುತ್ತಲಿನ ಸಣ್ಣ ನಾಳಗಳು ಮುಚ್ಚಿಹೋಗಿವೆ. ಅಲ್ಲಿಗೆ ರಕ್ತ ಮುಟ್ಟದೆ ಮಾಂಸ ಬೆಳೆಯುವುದಿಲ್ಲ. ಹೊಸ ನಾಳಗಳನ್ನು ಬೆಳೆಸಲು ಒಂದು ಉಪಾಯವಿದೆ, ಮಾಡಿ ನೋಡೋಣ. ಆಗದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕು ಎಂದರು.

“ಕಾಲು ಹೋದ್ರೆ ಏನಂತೆ ಡಾಕ್ಟ್ರೇ, ಮುಕ್ಕಾಲು ಉಳಿಯತ್ತಲ್ಲ” ಎಂದೆ.

ಹೆಂಡತಿ ನೋರ್ಮಾ ತನ್ನ ಕೈಚೀಲದ ಕೊಂಡಿಯನ್ನು ಟಕ್ ಎಂದು ಮುಚ್ಚಿದಳು. ಮದುವೆಯಾದ ಮೇಲೆ ನನ್ನ ಎಷ್ಟೋ ಚಟಾಕಿಗಳ ಕೊನೆಗೆ ಬಿದ್ದ ಪೂರ್ಣವಿರಾಮ ಅದು. ಡಾಕ್ಟರ್ ನಗಲಿಲ್ಲ. ಮುಕ್ಕಾಲು ಮನುಷ್ಯರ ಹತ್ತಿರ ಇವರಿಗೆ ನಗುವ ಅಭ್ಯಾಸವಿಲ್ಲವೇನೋ.

ಆಗಸ್ಟ್ 13, ಮಂಗಳವಾರ

ಬಿಲ್ಲೆ ಇಟ್ಟರು.

ಪೊಟ್ಟಣದಲ್ಲಿದ್ದಾಗ ಮಾತ್ರ ನೋಡಿದೆ. ತೆಳ್ಳಗೆ, ಬೆಳ್ಳಗೆ, ಸಣ್ಣ ಸಣ್ಣ ರಂಧ್ರ. ಚರ್ಚಿನಲ್ಲಿ ನಾಲಿಗೆಯ ಮೇಲಿಡುವ ಪ್ರಸಾದದ ರೊಟ್ಟಿಯ ಹಾಗೆ. ಈ ಇಡೀ ವ್ಯವಹಾರದಲ್ಲಿ ನಾನು ಕಂಡ ಒಂದೇ ಒಂದು ಶುದ್ಧ ವಸ್ತು. ಅದನ್ನೂ ತೆಗೆದುಕೊಂಡು ಹೋಗಿ ಆ ಗುಳಿಯೊಳಗೆ ಇಟ್ಟು ಅಂಚಿಗೆ ಹೊಲಿಗೆ ಹಾಕಿದರು.

ಡಾಕ್ಟರ್ ವಿವರಿಸಿದರು. ಇದು ನಿಮ್ಮ ಹಿತ್ತಿಲಲ್ಲಿ ದ್ರಾಕ್ಷಿಗೆ ಕಟ್ಟುತ್ತೀರಲ್ಲ, ಆ ಹಂದರದ ಹಾಗೆ. ಅಂಚಿನಲ್ಲಿ ಜೀವವಿರುವ ನಾಳಗಳು ಇದನ್ನು ಹಿಡಿದುಕೊಂಡು ಒಳಗೆ ಹಬ್ಬುತ್ತವೆ. ಅವು ಹಬ್ಬುತ್ತಾ ಹೋದಂತೆ ಹಂದರ ತಾನಾಗಿ ಕರಗುತ್ತದೆ. ಕೊನೆಗೆ ಬಳ್ಳಿ ಮಾತ್ರ ಉಳಿಯುತ್ತದೆ. ಆ ಮೇಲೆ ಇನ್ನೂ ಏನೇನೋ ಹೇಳಿದರು: ಬಣ್ಣ, ವಾಸನೆ, ಮುಟ್ಟುವುದು, ಮುಟ್ಟದಿರುವುದು. ಅಷ್ಟು ಹೊತ್ತಿಗೆ ನನ್ನ ಕಣ್ಣು ಗೋಡೆಯ ಮೇಲಿನ ಚಿತ್ರಕ್ಕೆ ಅಂಟಿಕೊಂಡಿತ್ತು. ಒಂದು ಪಾದ, ಅರ್ಧ ಚರ್ಮ ಸುಲಿದದ್ದು. ಯಾವ ಕಲಾವಿದನಪ್ಪ, ಇದನ್ನು ಬರೆದು ಕೈ ತೊಳೆದುಕೊಂಡು ಊಟಕ್ಕೆ ಕುಳಿತವನು ಎಂದು ಯೋಚಿಸುತ್ತಿದ್ದೆ. ಡಾಕ್ಟರ್ “ಗೊತ್ತಾಯ್ತಾ?” ಎಂದರು. “ಎಲ್ಲ ಗೊತ್ತಾಯ್ತು” ಎಂದೆ. ನೋರ್ಮಾ ಆಗ ಕಾರು ತರಲು ಹೋಗಿದ್ದಳು.

ಆಗಸ್ಟ್ 16, ಶುಕ್ರವಾರ

ಮಾರ್ವಾ ಹೊರಗಿನ ಪಟ್ಟಿ ಮಾತ್ರ ಬದಲಿಸಿದಳು. ಒಳಗಿನದನ್ನು ತಾನೇ ನೋಡಿಕೊಳ್ಳುತ್ತೇನೆ, ಮನೆಯವರು ಯಾರೂ ಬಿಚ್ಚುವ ಹಾಗಿಲ್ಲ ಎಂದು ನೋರ್ಮಾಳಿಗೂ ನನಗೂ ಸೇರಿಸಿ ಹೇಳಿದಳು. ಜಮೈಕಾದಿಂದ ಬಂದವಳು, ದನಿಯೂ ಮೈಕಟ್ಟೂ ಎರಡೂ ದೊಡ್ಡವು. ಆಜ್ಞೆ ಮಾಡುವುದು ಆಕೆಗೆ ಒಪ್ಪುತ್ತದೆ. ಆಕೆ ಹೋದ ಮೇಲೆ ನೋರ್ಮಾ, “ನಮ್ಮನೇಲಿ ನಮಗೇ ಕಾನೂನು” ಎಂದಳು. ಈ ಮನೆಯಲ್ಲಿ ಕೊಳೆಯ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಇಷ್ಟು ವರ್ಷ ಅವಳೊಬ್ಬಳದೇ ಆಗಿತ್ತು.

ಆಗಸ್ಟ್ 25, ಭಾನುವಾರ

ನಾತ ಬದಲಾಗಿದೆ. ಮೊದಲಿನದು ಸತ್ತ ನಾತ. ಇದಕ್ಕೆ ಏನೋ ಹುಳಿ ಸೇರಿದೆ. ನೋರ್ಮಾ ಕಿಟಕಿ ತೆರೆದಳು, ಕಾಫಿ ಪುಡಿ ಹುರಿದಳು, ನಿಂಬೆ ಪರಿಮಳದ ಮೇಣದ ಬತ್ತಿ ಹಚ್ಚಿದಳು. ಈಗ ನಿಂಬೆಹಣ್ಣಿನ ತೋಟದಲ್ಲಿ ಯಾರೋ ಸತ್ತು ಬಿದ್ದಿರುವ ಹಾಗಿದೆ.

ಮುಂದಿನ ಶನಿವಾರ ನಮ್ಮ ಮನೆಯಲ್ಲಿ ಟೊಮೇಟೊ ಬೇಯಿಸುವ ದಿನ. ಪ್ರತಿ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನೋರ್ಮಾಳ ತವರಿನವರೆಲ್ಲ ನಮ್ಮ ಗ್ಯಾರೇಜಿನಲ್ಲಿ ಸೇರಿ, ವರ್ಷಕ್ಕಾಗುವಷ್ಟು ಗೊಜ್ಜು ಕಾಯಿಸಿ ಸೀಸೆಗಳಿಗೆ ತುಂಬುತ್ತಾರೆ. ಮುಂದಾಳು ಅವಳ ಅಣ್ಣ ಅತ್ತೀಲಿಯೊ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕಿವಿ ಅಲ್ಲೇ ಹೋಯಿತು, ಮೂಗು ಮಾತ್ರ ಹಾಗೇ ಉಳಿದಿದೆ. ಯಾರ ಮನೆಗೆ ಹೋದರೂ ಹೊಸಿಲಲ್ಲಿ ನಿಂತು ಮೂಸಿ, ಈ ದಿನ ಏನು ಅಡುಗೆ, ನಿನ್ನೆ ಏನು ಅಡುಗೆ ಎಂದು ಹೇಳುತ್ತಾನೆ. ಅವನು ಈ ಹೊಸಿಲಲ್ಲಿ ನಿಂತು ಮೂಸುವುದನ್ನು ಕಲ್ಪಿಸಿಕೊಂಡರೆ ಕಾಲಿಗಿಂತ ಮೊದಲು ಮರ್ಯಾದೆ ಕೊಳೆಯುತ್ತದೆ.

ಆಗಸ್ಟ್ 30, ಶುಕ್ರವಾರ

ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ. ಈಗಿನ ಸ್ಥಿತಿಯಲ್ಲಿ ಅವಳೇ ನನ್ನ ಕಾಲು ಹಿಡಿಯಬೇಕಿತ್ತು.

“ನಾಳೆ ನಿಮ್ಮಣ್ಣ ಬರ್ತಾನೆ. ಹೀಗೆ ನಾರ್ತಾ ಕೂತಿರಕ್ಕಾಗಲ್ಲ ನನ್ನ ಕೈಲಿ. ಸ್ವಲ್ಪ ತೊಳೆದುಬಿಡು ನೋರ್ಮಾ.”

“ಮಾರ್ವಾ ಬೇಡ ಅಂದಿದ್ದಾಳಲ್ಲ.”

“ಮಾರ್ವಾ ಬರೋದು ಸೋಮವಾರ. ಅತ್ತೀಲಿಯೊ ಬರೋದು ನಾಳೆ.”

 ಅವಳು ಅಂಗಿಯ ತೋಳು ಮಡಚಿಕೊಂಡಳು. ನೋರ್ಮಾ ತೋಳು ಮಡಚಿಕೊಂಡರೆ ಕೊಳೆ ತಾನಾಗಿ ಕಾಲಿಗೆ ಬುದ್ಧಿ ಹೇಳಬೇಕು. ನಾನು ಛಾವಣಿ ನೋಡಿದೆ. ಒಳಗೆಲ್ಲ ಹಳದಿ ಲೋಳೆ ಕಟ್ಟಿಕೊಂಡಿದೆ, ಕೆಟ್ಟ ಸಾರಿನ ಮೇಲೆ ಕೆನೆ ಕಟ್ಟಿದ ಹಾಗೆ, ಇಷ್ಟು ದಿನ ಆ ಮಹಾತಾಯಿ ಮೇಲೆ ಮೇಲೆ ಸುತ್ತಿ ಹೋಗುತ್ತಿದ್ದಳು ಎಂದು ಬೈದುಕೊಂಡೇ ಉಜ್ಜಿದಳು. ಉಪ್ಪುನೀರು, ಹೊಸ ಹತ್ತಿ, ಮತ್ತೆ ಉಪ್ಪುನೀರು. ಎಲ್ಲೋ ದಾರ ಸಿಕ್ಕಿತು, ಅದನ್ನೂ ಎಳೆದು ತೆಗೆದೆ ಎಂದಳು. ನನಗೆ ನೋವಿಲ್ಲ. ನೋಯುವುದಕ್ಕೂ ಅಲ್ಲಿ ಯಾರಾದರೂ ಮನೆಯಲ್ಲಿರಬೇಕಲ್ಲ.

ಸಂಜೆಯ ಹೊತ್ತಿಗೆ ನಾತವಿಲ್ಲ. “ನೆಲ ಒರೆಸಿದ ಹಾಗೆ ಆಗಿದೆ” ಎಂದು ನೋರ್ಮಾ ಹೆಮ್ಮೆಯಿಂದ ಕೈ ಒರೆಸಿಕೊಂಡಳು. ಬಹಳ ದಿನಗಳ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಊಟ ಮಾಡಿದಳು.

ಆಗಸ್ಟ್ 31, ಶನಿವಾರ

ಅತ್ತೀಲಿಯೊ ಹೊಸಿಲಲ್ಲಿ ನಿಂತು ಮೂಸಿದ. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಕಾಲನ್ನು ಕುರ್ಚಿಯ ಮೇಲೆ ದೊರೆಯ ಹಾಗೆ ಚಾಚಿ ಕುಳಿತಿದ್ದೆ.

“ಏನೂ ವಾಸನೇನೇ ಇಲ್ವಲ್ಲೋ ಎರ್ಮಿ” ಎಂದ ಅತ್ತೀಲಿಯೊ, ನಿರಾಶನಾದವನಂತೆ. “ದಾರೀಲಿ ಬರ್ತಾ ಮೂಗಿಗೆ ಕಾಮಕಸ್ತೂರಿ ತುರುಕ್ಕೊಂಡ್ ಬಂದಿದ್ದೆ.”

“ಅದನ್ನ ತೆಗೆದು ಗೊಜ್ಜಿಗೆ ಹಾಕ್ಬೇಡ ಭಾವ” ಎಂದೆ. ಎಲ್ಲರೂ ನಕ್ಕರು. ಗೆದ್ದೆ.

ಆದರೆ ಟೊಮೇಟೊ ನೋಡಲಾಗಲಿಲ್ಲ. ಕುದಿನೀರಿನಲ್ಲಿ ಸಿಪ್ಪೆ ಬಿರಿದು, ಒಳಗಿನ ಕೆಂಪು ತಿರುಳು ಯಂತ್ರದ ಬಾಯಿಂದ ಲೋಳೆ ಲೋಳೆಯಾಗಿ ಇಳಿಯುತ್ತದೆ. ಒಂದು ಕಡೆ ರಸ, ಇನ್ನೊಂದು ಕಡೆ ಚರ್ಮ. ಹುಟ್ಟಿದಾಗಿನಿಂದ ತಿಂದದ್ದು ಇದನ್ನೇ. ಬ್ರೆಡ್ಡಿಗೆ ಅದ್ದಿ ಕೊಟ್ಟರು. ಬೇಡವೆಂದೆ.

ಸೆಪ್ಟೆಂಬರ್ 2, ಸೋಮವಾರ

ರಜಾ ದಿನವಾದರೂ ಮಾರ್ವಾ ಬಂದಳು. ಬಿಚ್ಚಿದಳು. ಮಾತು ನಿಂತಿತು. ಆಕೆಯ ಮಾತು ನಿಂತರೆ ಮನೆಯ ಫ್ರಿಜ್ಜಿನ ಸದ್ದು ಕೇಳಿಸುತ್ತದೆ.

“ಇದನ್ನ ಯಾರು ತೊಳೆದಿದ್ದು?”

ನೋರ್ಮಾ ಅಡುಗೆಮನೆಯಿಂದ ನಗುನಗುತ್ತಾ ಬಂದಳು. ಶಾಲೆಯಲ್ಲಿ ಬಹುಮಾನ ಬಂದ ಹುಡುಗಿಯ ಹಾಗೆ ಕೈಯೆತ್ತಿದಳು.

ಇನ್ನು ಬರೆಯಲಾರೆ.

ಸೆಪ್ಟೆಂಬರ್ 5, ಗುರುವಾರ

ನೋರ್ಮಾ ಉಜ್ಜಿ ಕಸದ ಬುಟ್ಟಿಗೆ ಹಾಕಿದ್ದೇ ಔಷಧಿ.

ಬಿಲ್ಲೆ ಕರಗುವುದೇ ಹಾಗೆ: ಹಳದಿಯಾಗುತ್ತದೆ, ಲೋಳೆಯಾಗುತ್ತದೆ, ಹುಳಿ ವಾಸನೆ ಬರುತ್ತದೆ, ನೋಡಿದರೆ ಕೀವೆಂದೇ ಅನಿಸುತ್ತದೆ. ಅದರೊಳಗೇ ನಾಳಗಳು ಹಬ್ಬುತ್ತಿದ್ದವು. ಡಾಕ್ಟರ್ ಇದನ್ನೆಲ್ಲ ಆ ದಿನ ಹೇಳಿದ್ದರಂತೆ. ಹೇಳಿಯೇ ಇರಬೇಕು. ನಾನು ಗೋಡೆಯ ಮೇಲಿನ ಕಾಲು ನೋಡುತ್ತಿದ್ದೆ. ಈ ದಿನವೂ ಅದು ಅಲ್ಲೇ ಇತ್ತು.

ಇನ್ನೊಂದೇ ಒಂದು ಸಲ ಇಡುತ್ತಾರೆ. ಅಂಚಿನಲ್ಲಿ ಜೀವ ಉಳಿದಿರುವ ಜಾಗ ಸ್ವಲ್ಪವೇ ಇದೆ. ಇದೂ ಹೋದರೆ ಮೂರನೆಯದಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ ನೋಡಿ, ಕಾಲು ಉಳಿಯುತ್ತದೋ ಇಲ್ಲವೋ ಹೇಳುತ್ತಾರೆ.

“ನಾನೇ ಉಜ್ಜಿದ್ದು ಡಾಕ್ಟ್ರೇ” ಎಂದು ನೋರ್ಮಾ ಎರಡು ಸಲ ಹೇಳಿದಳು. ಉಜ್ಜಲು ಬೇಡಿಕೊಂಡವನು ನಾನು ಎಂದು ನಾನು ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ಕೈಚೀಲದ ಕೊಂಡಿ ಈ ಸಲ ಸದ್ದು ಮಾಡಲಿಲ್ಲ. ಬಾಯಿ ತೆರೆದುಕೊಂಡೇ ಅವಳ ಮಡಿಲಲ್ಲಿ ಬಿದ್ದಿತ್ತು.

ಸೆಪ್ಟೆಂಬರ್ 7, ಶನಿವಾರ

ಮನೆ ಗುಡಿಸಿಲ್ಲ. ನೋರ್ಮಾ ಗುಡಿಸದ ಮನೆಯನ್ನು ನಾನು ನೋಡಿದ್ದು ಇದೇ ಮೊದಲು. ಹೇಸಿಗೆ.

ಸೆಪ್ಟೆಂಬರ್ 11, ಬುಧವಾರ

ಮಾರ್ವಾಳ ಕಾರು ಬೀದಿಯಲ್ಲಿ ಕಂಡ ಕೂಡಲೇ ನೋರ್ಮಾ ಹಿಂದಿನ ಬಾಗಿಲಿನಿಂದ ಕಾಲು ಕಿತ್ತಳು. ಅಂಗಡಿಗಂತೆ. ಬ್ರೆಡ್ಡು ನಿನ್ನೆಯೇ ಬಂದಿತ್ತು.

ಮಾರ್ವಾ ಪಟ್ಟಿ ಬಿಚ್ಚದೆ ಕೈಕಟ್ಟಿ ಕುಳಿತಳು. ತಾನು ಬರದ ದಿನಗಳಲ್ಲಿ ಈ ಮನೆಯಲ್ಲಿ ಯಾರಾದರೂ ಇದನ್ನು ಕಾಯಬೇಕು, ಒಳಗಿನ ಬಣ್ಣ ಏನಾಗಿದೆ, ಸುತ್ತಲಿನ ಚರ್ಮ ಬಿಸಿಯಾಗಿದೆಯೇ ಎಂದು ಗೊತ್ತಿರುವವರು ಬೇಕು ಎಂದಳು. ನೋರ್ಮಾಳನ್ನು ಕೇಳಿ ಎಂದೆ.

“ಆಕೆ ನೋಡಲ್ಲ ಇನ್ನು. ನಾನೂ ಬಲವಂತ ಮಾಡಲ್ಲ.”

“ನಂಗೆ ಆಗಲ್ಲ ಮಾರ್ವಾ. ವಾಂತಿ ಬರತ್ತೆ.”

“ಬರಲಿ, ಬಕೆಟ್ ಕೊಡ್ತೀನಿ. ಕಾಲು ನಿಮ್ದು ಕಲ್ಜೊಲಾರಿಯವ್ರೇ, ನಂದಲ್ಲ. ಊರೋರ ಕಾಲನ್ನೆಲ್ಲ ನೋಡಿದ್ದೀರಿ.”

ಪಟ್ಟಿ ಬಿಚ್ಚಿ, ನೋರ್ಮಾಳ ಕೈಗನ್ನಡಿ ತಂದು ಕಾಲಿನ ಕೆಳಗೆ ಹಿಡಿದಳು. ಬಕೆಟ್ಟನ್ನೂ ಪಕ್ಕದಲ್ಲಿಟ್ಟಳು; ಮಾತಿಗೆ ತಪ್ಪುವವಳಲ್ಲ.

ನೋಡಿದೆ. ಬೆರಳುಗಳ ಸಾಲಿನಲ್ಲಿ ಮೊದಲನೆಯದರ ಜಾಗ ಖಾಲಿ. ಹಲ್ಲು ಬಿದ್ದ ಬಾಯಿಯ ಹಾಗೆ. ಅದರ ಬುಡದಲ್ಲಿ ಬಾಯಿ ತೆರೆದ ಗುಳಿ. ಬೂದು, ಹಳದಿ, ಅಂಚಿನಲ್ಲಿ ತೊಳೆದ ಮಾಂಸದ ಬಣ್ಣ. ನಡುವೆ ಮೊನ್ನೆ ಸೋಮವಾರ ಇಟ್ಟ ಎರಡನೆಯ ಬಿಲ್ಲೆ, ಒದ್ದೆಯಾದ ಕಾಗದದ ಉಂಡೆಯಂತೆ. ಬಕೆಟ್ಟು ಕೆಲಸಕ್ಕೆ ಬಂತು.

ಸೆಪ್ಟೆಂಬರ್ 16, ಸೋಮವಾರ

ಮತ್ತೆ ನೋಡಿದೆ. ಮತ್ತೆ ವಾಕರಿಕೆ, ಬಕೆಟ್ಟಿಲ್ಲದೆ. ಅಸಹ್ಯಕ್ಕೂ ಒಂದು ಅಳತೆ ಇರಬೇಕು. ಇದು ಜೋಡಿಯಿಲ್ಲದ ಅಳತೆ.

ಸೆಪ್ಟೆಂಬರ್ 22, ಭಾನುವಾರ

ಹಳದಿ ಶುರುವಾಗಿದೆ. ಹಳದಿ ಎಂದರೆ ಎಲ್ಲ ಹಳದಿಯೂ ಒಂದೇ ಅಲ್ಲ. ಬಲಗಡೆಯದು ಹದ ಮಾಡದ ತೊಗಲಿನ ಬಣ್ಣ, ನಡುವಿನದು ಜೇನುಮೇಣ, ಹಿಮ್ಮಡಿಯ ಕಡೆಗೆ ಹೋದಂತೆ ಹಳೆಯ ಕಂದು ಪಾಲಿಶ್ ಒರೆಸಿದ ಬಟ್ಟೆ. ಹುಳಿ ವಾಸನೆ ಬಂದಿದೆ. ಕೀವಿನ ವಾಸನೆಯಲ್ಲ. ಕೀವಿನದು ಮೂಗಿಗೆ ಹೊಡೆಯುತ್ತದೆ, ಇದು ಮೂಗನ್ನು ಕೇಳಿಕೊಂಡು ಬರುತ್ತದೆ. ಹೇಸಿಗೆಯೇ. ಆದರೆ ಬೇರೆ ಹೇಸಿಗೆ. ಬಲಗಡೆ ಸ್ವಲ್ಪ ಒಣಗಿದ ಹಾಗಿದೆ, ನಾಳೆ ಮಾರ್ವಾಳಿಗೆ ಹೇಳಬೇಕು.

ಚಿಕ್ಕವನಿದ್ದಾಗ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದಿನ ಅಜ್ಜಿ ಚರ್ಚಿನ ಬಾಗಿಲಲ್ಲಿ ತಡೆದು ಹೇಳಿದ್ದಳು: “ಹಲ್ಲು ತಾಗಿಸ್ಬೇಡ ಮಗೂ. ತಾನೇ ಕರಗಬೇಕು.” ಅಂಗುಳಕ್ಕೆ ಅಂಟಿಕೊಂಡು ಲೋಳೆಯಾಗಿ, ನಾಲಿಗೆ ಕೆರೆಯಲು ಹಪಹಪಿಸಿ, ನಾನು ಅರ್ಧ ಪೂಜೆ ಕಣ್ಣು ಮುಚ್ಚಿ ಕುಳಿತಿದ್ದೆ. ಜನ ನನ್ನನ್ನು ಮಹಾ ಭಕ್ತನೆಂದುಕೊಂಡರು.

ಸೆಪ್ಟೆಂಬರ್ 27, ಶುಕ್ರವಾರ

ಹದಿನೈದು ದಿನದಿಂದ ನೋರ್ಮಾ ಹಾಲ್‌ನ ಸೋಫಾದ ಮೇಲೆ ಮಲಗುತ್ತಿದ್ದಾಳೆ. ನಿನ್ನ ಕಾಲಿಗೆ ಎಲ್ಲಿ ತಾಗಿಬಿಡುತ್ತೇನೋ ಎಂದು ಭಯವಂತೆ. ತಾಗಿದರೆ ಏನೂ ಆಗುವುದಿಲ್ಲ, ಮೇಲೆ ಅಷ್ಟು ದಪ್ಪದ ಪಟ್ಟಿ ಇದೆ ಎಂದು ಹೇಳಿದೆ. ತಲೆಯಾಡಿಸಿದಳು. ಸೋಫಾದ ಮೇಲೇ ಮಲಗಿದಳು. ಅವಳ ಕಾಲೆಳೆಯೋಣವೆಂದು ಏನೋ ಹೇಳಹೊರಟೆ. ನಗು ಬರಿಸುವಂಥದ್ದೇನೂ ಬಾಯಿಗೆ ಬರಲಿಲ್ಲ.

ಅಕ್ಟೋಬರ್ 6, ಭಾನುವಾರ

ಅಂಚಿನಲ್ಲಿ ಕೆಂಪು ಚುಕ್ಕೆಗಳು. ಮರಳಿನ ಕಾಳಿನಷ್ಟು. ಮೊದಲು ನಿನ್ನೆಯ ಊಟದ ಗೊಜ್ಜು ಸಿಡಿದಿರಬೇಕೆಂದುಕೊಂಡೆ. ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಕುಳಿತು ಭೂತಗನ್ನಡಿ ಹಿಡಿದು ನೋಡಿದೆ. ಒಳಗಿನಿಂದಲೇ ಎದ್ದಿವೆ. ಎಡಗಡೆ ಹೆಚ್ಚು, ಹಿಮ್ಮಡಿಯ ಕಡೆ ಇಲ್ಲವೇ ಇಲ್ಲ. ಹಿಮ್ಮಡಿಯ ಕಡೆಯವು ಮೊದಲಿಂದಲೂ ಸೋಮಾರಿಗಳು.

ಅಕ್ಟೋಬರ್ 14, ಸೋಮವಾರ

ಕೃತಜ್ಞತೆಯ ಹಬ್ಬದ ಊಟ ಅತ್ತೀಲಿಯೊನ ಮನೆಯಲ್ಲಿ. ಟರ್ಕಿ ಕೋಳಿ, ಅದಕ್ಕೂ ಮೊದಲು ಲಸಾನ್ಯ. ನಮ್ಮವರು ಕೆನಡಾಕ್ಕೆ ಕೃತಜ್ಞತೆ ಹೇಳುವುದೂ ಇಟಲಿಯ ಹೊಟ್ಟೆ ತುಂಬಿಸಿದ ಮೇಲೆಯೇ. ಕಾಲು ಹೇಗಿದೆ ಎಂದು ಅತ್ತೀಲಿಯೊ ಬಾಯಿ ಮಾತಿಗೆ ಕೇಳಿದ. ಹೇಳಿದೆ. ಬಿಲ್ಲೆ ಹೇಗೆ ಲೋಳೆಯಾಗುತ್ತದೆ, ನಾಳಗಳು ಹೇಗೆ ಒಂದೊಂದು ರಂಧ್ರ ಹಿಡಿದು ಮೇಲೆ ಬರುತ್ತವೆ, ಯಾವ ಹಳದಿ ಒಳ್ಳೆಯದು, ಯಾವ ಹಳದಿ ಕೆಟ್ಟದ್ದು. ಲಸಾನ್ಯದ ಪದರ ಬಿಡಿಸಿ ಉದಾಹರಣೆ ಕೊಟ್ಟೆ.

ಅತ್ತೀಲಿಯೊ ಫೋರ್ಕು ಕೆಳಗಿಟ್ಟ. “ಎರ್ಮಿ, ನಿನ್ ಕಾಲಾಣೆ, ನಿಲ್ಸೋ. ಊಟ ಮಾಡ್ತಾ ಇದೀವಿ.”

ಜನ ಎಷ್ಟು ನಾಜೂಕು. ಕೋಳಿಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ತುರುಕಿ ಮಸಾಲೆ ತುಂಬುವವರಿಗೆ ಮನುಷ್ಯನ ಒಂದು ಸಣ್ಣ ರಕ್ತನಾಳದ ಮಾತು ಕೇಳಲಾಗುವುದಿಲ್ಲ. ನನಗೇ ಊಟ ಬೇಡವಾಯಿತು.

ನೋರ್ಮಾ ಆ ಹೊತ್ತಿಗೆ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿದ್ದಳು. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು. ಅಷ್ಟು ಹೊತ್ತು ತೊಳೆಯಲು ಅಲ್ಲಿ ತಟ್ಟೆ ಇದ್ದದ್ದು ಒಂದೇ.

ಅಕ್ಟೋಬರ್ 25, ಶುಕ್ರವಾರ

ಮಾರ್ವಾ ತಾಯಿಯನ್ನು ನೋಡಲು ಜಮೈಕಾಕ್ಕೆ ಹೋಗಿದ್ದಾಳೆ. ಬದಲಿಗೆ ಗ್ರೆಟಾ ಎಂಬ ನರ್ಸ್ ಬಂದಳು. ಕೆಲಸ ಬಲ್ಲವಳು, ನಯವಾದ ಮಾತು, ಇಸ್ತ್ರಿ ಮಾಡಿದ ಅಂಗಿ. ಪಟ್ಟಿ ಬಿಚ್ಚಿದಳು, ನೋಡಿದಳು, ನಾಲಿಗೆಯಿಂದ ಚ್ಚ್ ಚ್ಚ್ ಎಂದಳು.

ನನಗೆ ಆ ಸದ್ದು ಹಿಡಿಸಲಿಲ್ಲ.

ಕೀವು ಬಹಳ ಕಟ್ಟಿದೆ, ಚೆನ್ನಾಗಿ ತೆಗೆದುಬಿಡೋಣ, ಹಾಯಾಗಿರುತ್ತದೆ ಎಂದು ಹತ್ತಿಯನ್ನು ಉಪ್ಪುನೀರಿನಲ್ಲಿ ಅದ್ದಿದಳು. ಅದ್ದಿ, ಹಿಂಡಿ, ಕೈ ಮುಂದೆ ತಂದಳು. ನಾ ಏನು ಮಾಡಿದೆನೆಂದು ನನಗೆ ಆಮೇಲೆ ಗೊತ್ತಾಯಿತು. ಆಕೆಯ ಮಣಿಕಟ್ಟು ನನ್ನ ಮುಷ್ಟಿಯಲ್ಲಿತ್ತು.

“ಮುಟ್ಬೇಡಿ.”

“ಇದು ಕೀವು, ಸ್ವಾಮಿ.”

“ಕೀವಲ್ಲ. ಬಿಲ್ಲೆ ಕರಗ್ತಾ ಇದೆ. ಕೀವಾಗಿದ್ರೆ ಸುತ್ತ ಬಿಸಿ ಇರ್ಬೇಕಿತ್ತು, ಮುಟ್ಟಿ ನೋಡಿ, ಇಲ್ಲ. ಎಡಗಡೆ ಕೆಂಪು ಕಾಣತ್ತಲ್ಲ, ಅದು ಭಾನುವಾರ ಇಷ್ಟೇ ಇತ್ತು, ಈಗ ಇಲ್ಲಿಗೆ ಬಂದಿದೆ. ನೀವು ಅದನ್ನ ಒರೆಸಿದ್ರೆ ಒಂದು ಕಾಲು ಕಸದ ಬುಟ್ಟಿಗೆ ಹೋಗತ್ತೆ.”

ಆಕೆ ಕೋಪಿಸಿಕೊಳ್ಳಲಿಲ್ಲ. ಆಫೀಸಿಗೆ ಫೋನು ಮಾಡಿದಳು. ಅಲ್ಲಿಂದ ಆಸ್ಪತ್ರೆಗೆ ಮಾಡಿದರು. ಅಷ್ಟೂ ಹೊತ್ತು ನಾನು ಎರಡೂ ಕೈಗಳನ್ನು ಗಾಯದ ಮೇಲೆ ಛತ್ರಿಯ ಹಾಗೆ ಹಿಡಿದು ಕುಳಿತಿದ್ದೆ. ಕೊನೆಗೆ ಫೋನಿಟ್ಟು, “ನೀವು ಹೇಳಿದ್ದು ಸರಿ” ಎಂದು, ಒಣ ಪಟ್ಟಿ ಸುತ್ತಿ, ಕ್ಷಮಿಸಿ ಎಂದು ಹೋದಳು. ಪಾಪ, ಆಕೆಯದೇನು ತಪ್ಪು. ನೋಡಿದವರು ಯಾರಾದರೂ ಒರೆಸಲೆಂದೇ ಕೈ ಚಾಚುತ್ತಾರೆ.

ತಿರುಗಿದರೆ ನೋರ್ಮಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಈ ಸಲ ಹಿಂದಿನ ಬಾಗಿಲಿನಿಂದ ಹೋಗಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನನ್ನು ನೋಡಿದಳು, ಕಾಲನ್ನು ನೋಡಲಿಲ್ಲ. “ಸೇಬು ಹೆಚ್ಚಿ ಕೊಡ್ಲಾ?” ಎಂದಳು.

ನವೆಂಬರ್ 5, ಮಂಗಳವಾರ

 ಕಾಯುವ ಕೋಣೆಯಲ್ಲಿ ಎದುರಿನವನು ತನ್ನ ಪಟ್ಟಿಯ ಮೇಲೆ ಕಾಫಿ ಚೆಲ್ಲಿಕೊಂಡು, ಅದನ್ನು ಒರೆಸಲೂ ಹೋಗದೆ ಟಿವಿ ನೋಡುತ್ತಿದ್ದ. ಎದ್ದು ಹೋಗಿ ಬೈಯಬೇಕೆನಿಸಿತು.

ಡಾಕ್ಟರ್ ಮೆಕ್‌ಕೆಲ್ವಿ ಕನ್ನಡಕ ಹಾಕಿ ಬಗ್ಗಿದರು. ಬಿಲ್ಲೆ ಇಲ್ಲ. ಎಲ್ಲೂ ಇಲ್ಲ. ಹಳದಿಯೂ ಇಲ್ಲ. ಗುಳಿಯ ತಳ ತುಂಬಿಕೊಂಡು ಮೇಲೆ ಬಂದಿದೆ. ಹಿಮ್ಮಡಿಯ ಕಡೆಯ ಸೋಮಾರಿಗಳೂ ಕಳೆದ ವಾರ ಹೇಗೋ ಬಂದು ಸೇರಿಕೊಂಡಿದ್ದಾರೆ. ಅದನ್ನೆಲ್ಲ ನಾನೇ ಅವರಿಗೆ ಬೆರಳಿಟ್ಟು ತೋರಿಸಿದೆ. ಅವರು ತಡೆಯಲಿಲ್ಲ. ಆಮೇಲೆ ಸಣ್ಣ ಚಮಚದಂಥ ಒಂದು ಉಪಕರಣ ತೆಗೆದುಕೊಂಡು ನಡುವೆ ಒಂದೇ ಒಂದು ಸಲ ಗೀರಿದರು.

ಏನೂ ಆಗಲಿಲ್ಲ. ಆಮೇಲೆ ಒಂದು ಹನಿ ಎದ್ದಿತು. ಎದ್ದು, ಉರುಟಾಗಿ, ಹೊಳೆಯುತ್ತಾ ನಿಂತು, ಪಕ್ಕಕ್ಕೆ ಹರಿಯಿತು. ಅದರ ಹಿಂದೆ ಇನ್ನೊಂದು.

“ಮೊಣಕಾಲಿನ ಮಾತು ಇನ್ನು ಬೇಡ” ಎಂದರು ಡಾಕ್ಟರ್. ಆ ಮೇಲೆ, ಕೈಗವಸು ತೆಗೆಯುತ್ತಾ, ಮುಖ ನೋಡದೆ: “ಕಾಲು ಉಳೀತು ನಿಮ್ದು. ಮುಕ್ಕಾಲಿನ ಲೆಕ್ಕ ಬಿಟ್ಬಿಡಿ.” ಆಗಸ್ಟಿನಲ್ಲಿ ಬಿತ್ತಿದ ಜೋಕು ನವೆಂಬರಿನಲ್ಲಿ ಮೊಳೆಯಿತು. ಈ ಹೆಂಗಸಿನ ನಗೆಗೂ ರಕ್ತ ಮುಟ್ಟಲು ಇಷ್ಟು ತಡ.

ಇನ್ನೂ ಚರ್ಮ ಮುಚ್ಚಲು ತಿಂಗಳುಗಳು ಬೇಕು. ಅಗಲ ಮೂತಿಯ, ಮೆತ್ತಗಿನ, ಮುದುಕರ ಜೋಡು ಹಾಕಬೇಕು. ಜೀವಮಾನವಿಡೀ ಗಿರಾಕಿಗಳಿಗೆ ತೋರಿಸಲೂ ನಾಚಿದ ಮಾಲು.

ಕಾರನ್ನು ನೋರ್ಮಾ ಓಡಿಸಿದಳು. ಕೆಂಪು ದೀಪದಲ್ಲಿ ನಿಂತಾಗ ಅತ್ತಳು. ಹಸಿರಾದ ಮೇಲೂ ಹೊರಡಲಿಲ್ಲ. ಹಿಂದಿನವನು ಹಾರನ್ ಮಾಡಿದ. ಆ ಮನುಷ್ಯನ ಅಸಹನೆಯ ಬಗ್ಗೆ ನನಗೆ ಅಸಹ್ಯವಿದೆ.

ನವೆಂಬರ್ 6, ಬುಧವಾರ

ಮಾರ್ವಾ ಊರಿಂದ ಬಂದಿದ್ದಾಳೆ. ಬಿಚ್ಚಿದಳು, ಎದೆಯ ಮೇಲೆ ಕೈಯಿಟ್ಟಳು, ಕೈ ತೊಳೆಯಲು ಹೋದಳು. ಆ ಹೊತ್ತಿಗೆ ನೋರ್ಮಾ ಬಾಗಿಲಲ್ಲಿದ್ದಳು.

“ಬಾ” ಎಂದೆ. “ನಿನ್ನ ಕೈಲಿ ಏನೂ ಮಾಡಿಸಲ್ಲ. ನೋಡು ಅಷ್ಟೆ.”

ಬಂದಳು. ಟೊಮೇಟೊ ಬೇಯಿಸಿದ ದಿನದಿಂದ ಇತ್ತ ಕಣ್ಣು ಹಾಯಿಸದವಳು ಪಕ್ಕದಲ್ಲಿ ಮಂಡಿಯೂರಿ ಕುಳಿತಳು. ಹಿಡಿದುಕೊಳ್ಳಲು ಏನಾದರೂ ಬೇಕಾಗಿ ನನ್ನ ಮೊಣಕಾಲು ಹಿಡಿದುಕೊಂಡಳು. ಬಗ್ಗಿ ನೋಡಿದಳು.

“ಥೂ ಎರ್ಮಿ, ಎಂಥ ಅಸಹ್ಯ” ಎಂದಳು, ಕಣ್ಣೀರಿನ ನಡುವೆ.

ನನಗೆ ಮೈಯೆಲ್ಲ ಉರಿದುಹೋಯಿತು. ಅಸಹ್ಯವಂತೆ. ಏನು ಅಸಹ್ಯ ಇದರಲ್ಲಿ? ಅಷ್ಟು ಚೊಕ್ಕವಾದ ಅಂಚು, ಹೊಸ ತೊಗಲಿಗೆ ಮೊದಲ ಸಲ ಎಣ್ಣೆ ಹಾಕಿದಾಗ ಬರುವಂಥ ಕೆಂಪು, ಬೆಳಕು ಬಿದ್ದ ಕಡೆಯೆಲ್ಲ ಮಿನುಗುವ ಕಾಳುಗಳು, ಒಂದೊಂದೂ ತನ್ನಷ್ಟಕ್ಕೆ ತಾನು ದಾರಿ ಹುಡುಕಿಕೊಂಡು ಬಂದದ್ದು. ಈ ಮನೆಯಲ್ಲಿ ಗಾಜಿನ ಲೋಟದ ಮೇಲಿನ ಒಂದು ಬೆರಳ ಗುರುತನ್ನು ದೂರದಿಂದ ಕಾಣುವ ಹೆಂಗಸಿಗೆ ಇಷ್ಟು ಕಾಣುವುದಿಲ್ಲವೆಂದರೆ ಏನು ಹೇಳುವುದು? ಆ ಕೋಪದಲ್ಲಿ ಮಧ್ಯಾಹ್ನ ಅವಳು ಕೊಟ್ಟ ಗೊಜ್ಜು ಬ್ರೆಡ್ಡನ್ನು ತಿಂದು, ಇನ್ನೊಂದು ತುಂಡು ಹಾಕಿಸಿಕೊಂಡು ತಿಂದೆ.

ಪಾಪ, ನೋಡಲು ಬರುವುದಿಲ್ಲ ಅವಳಿಗೆ. ಕೋಣೆಯ ದೀಪದಲ್ಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಶುಕ್ರವಾರ ಮಾರ್ವಾ ಬಿಚ್ಚಿದಾಗ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿ, ಭೂತಗನ್ನಡಿ ಕೊಟ್ಟು, ಎಡಗಡೆಯಿಂದ ಶುರು ಮಾಡಿ ತೋರಿಸಬೇಕು.